ನೊಣದ ಹಣೆಬರಹ ಓದುವವರು ಬೇಕು

ಮನೆಯೊಳಗೆ ಹಾರಾಡುವ ಸಾಧಾರಣ ನೊಣವೊಂದರ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ, ಎರಡು ಪುಟ್ಟ ಕುಡಿಮೀಸೆಗಳ ಮೇಲೆ ಬಾಯಿ ಕೆಳಗಾದ ಲಾಳದಂತೆ ಬಾಗಿದ ಒಂದು ಗೆರೆ ಕಾಣುತ್ತದೆ. ಅದು ಹುಟ್ಟಿನ ಗುರುತು. ನೊಣದ ಮರಿಹುಳು ತನ್ನ ಕೊನೆಯ ಚರ್ಮವನ್ನು ಕಳಚುವುದಿಲ್ಲ. ಆ ಚರ್ಮವೇ ಗಟ್ಟಿಯಾಗಿ, ಗೋಧಿ ಕಾಳಿನಂಥ ಕಂದು ಕವಚವಾಗುತ್ತದೆ. ಒಳಗೆ ರೂಪ ಬದಲಿಸಿಕೊಂಡ ನೊಣಕ್ಕೆ ಕವಚವನ್ನು ಕಡಿದು ಹೊರಬರಲು ದವಡೆಯಿಲ್ಲ. ಅದು ಮೈಯ ದ್ರವವನ್ನೆಲ್ಲ ತಲೆಗೆ ಒತ್ತುತ್ತದೆ. ಹಣೆ ಬಿರಿದು ಒಂದು ಚೀಲ ಬಲೂನಿನಂತೆ ಉಬ್ಬುತ್ತದೆ. ಕವಚದ ತುದಿ ಡಬ್ಬಿಯ ಮುಚ್ಚಳದಂತೆ ಕಳಚಿಕೊಳ್ಳುತ್ತದೆ. ಹೊರಬಂದ ಮೇಲೆ ಚೀಲ ಕುಗ್ಗಿ ತಲೆಯೊಳಗೆ ಸೇರಿಬಿಡುತ್ತದೆ, ಬಿರುಕು ಕೂಡಿಕೊಂಡು ಗೆರೆಯಾಗಿ ಉಳಿಯುತ್ತದೆ. ಇದನ್ನು ನೊಣದ ಹಣೆಬರಹ ಎನ್ನಬಹುದು. ಆದರೆ ಇದು ಹೇಳುವುದು ಮುಂದಾಗುವುದನ್ನಲ್ಲ, ಹಿಂದೆ ಆಗಿಹೋದದ್ದನ್ನು. ಇದೇ ಗೆರೆ ಕೊಳೆತ ಬಾಳೆಹಣ್ಣಿಗೆ ಮುತ್ತುವ ಎಳ್ಳುಕಾಳಿನಷ್ಟು ಗಾತ್ರದ ಡ್ರೋಸೊಫಿಲಾಕ್ಕೂ ಇದೆ, ಮಾವಿನ ಕಾಯಿಯೊಳಗೆ ಮೊಟ್ಟೆ ಇಡುವ ಹಣ್ಣು ನೊಣಕ್ಕೂ ಇದೆ, ಆಫ್ರಿಕಾದಲ್ಲಿ ನಿದ್ರಾರೋಗ ಹರಡುವ ತ್ಸೆತ್ಸೆ ನೊಣಕ್ಕೂ ಇದೆ. ಸೊಳ್ಳೆಗೆ ಇಲ್ಲ, ಕುದುರೆನೊಣಕ್ಕೂ ಇಲ್ಲ. ಹಣೆಯಲ್ಲಿ ಈ ಗೆರೆ ಹೊತ್ತ ಐವತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಒಂದೇ ಪೂರ್ವಜನ ಸಂತಾನ. ಅವುಗಳ ಗುಂಪಿಗೆ ವಿಜ್ಞಾನಿಗಳು ಇಟ್ಟ ಹೆಸರು ಸ್ಕೈಜೊಫೊರಾ, ಅಂದರೆ ಬಿರುಕು ಹೊತ್ತವು.

ವಿಜ್ಞಾನ ಇದುವರೆಗೆ ಹೆಸರಿಟ್ಟಿರುವ ನೊಣ-ಸೊಳ್ಳೆಗಳ ಪ್ರಭೇದಗಳು ಸುಮಾರು 1.6 ಲಕ್ಷ. ನೂರೈವತ್ತಕ್ಕೂ ಹೆಚ್ಚು ಕುಟುಂಬಗಳಲ್ಲಿ ಅವು ಹಂಚಿಹೋಗಿವೆ. ಯಾವ ಕುಟುಂಬ ಯಾವುದಕ್ಕೆ ಹತ್ತಿರ, ಯಾವ ಕವಲು ಎಲ್ಲಿ ಒಡೆಯಿತು ಎಂಬುದನ್ನು ಎರಡು ಶತಮಾನಗಳ ಕಾಲ ಪತ್ತೆ ಮಾಡಿದ್ದು ಬಹುಮಟ್ಟಿಗೆ ಒಂದೇ ವಿಧಾನದಿಂದ: ಒಂದು ನೊಣದ ಅಂಗವನ್ನು ಇನ್ನೊಂದರ ಅದೇ ಅಂಗದ ಪಕ್ಕದಲ್ಲಿಟ್ಟು ನೋಡುವುದು. ಇದನ್ನೇ ತುಲನಾತ್ಮಕ ಅಂಗರಚನಾಶಾಸ್ತ್ರ ಎನ್ನುತ್ತೇವೆ. ಈಗ ಡಿಎನ್‌ಎ ಓದುವ ಯಂತ್ರಗಳು ಬಂದಿವೆ. ಕೀಟದ ಒಂದು ಕಾಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು, ಬಿರುಗೂದಲು ಎಣಿಸುತ್ತ ಸೂಕ್ಷ್ಮದರ್ಶಕದ ಮುಂದೆ ಕೂರುವ ಕಾಲ ಮುಗಿಯಿತು ಎಂಬ ಮಾತು ಬಲವಾಗುತ್ತಿದೆ. ಈ ಮಾತು ತಪ್ಪು ಎಂಬುದು ನನ್ನ ವಾದ. ಡಿಎನ್‌ಎ ನಮಗೆ ಕೊಟ್ಟಿರುವ ಬಲ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೈಯನ್ನು ಓದಬಲ್ಲವರು ಇಲ್ಲದೆ ಹೋದರೆ ಆ ಬಲಕ್ಕೆ ದಿಕ್ಕಿಲ್ಲ. ನೊಣಗಳ ವಂಶವೃಕ್ಷದ ಕಥೆಯೇ ಇದಕ್ಕೆ ಸಾಕ್ಷಿ.

ಕನ್ನಡದಲ್ಲಿ ಜೇನನ್ನೂ ನಾವು ನೊಣ ಎನ್ನುತ್ತೇವೆ, ಸೊಳ್ಳೆಯನ್ನು ನೊಣ ಎನ್ನುವುದಿಲ್ಲ. ಅಂಗರಚನೆ ಹೇಳುವುದು ಇದರ ತಿರುವು ಮುರುವು. ಜೇನಿಗೆ ನಾಲ್ಕು ರೆಕ್ಕೆ; ಸೊಳ್ಳೆಗೂ ಮನೆನೊಣಕ್ಕೂ ಎರಡೇ. ಇವೆರಡರಲ್ಲಿ ಹಿಂದಿನ ಜೋಡಿ ರೆಕ್ಕೆ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಗುಬುಟುಗಳಿವೆ. ಹಾಲ್ಟಿಯರ್ ಎಂಬ ಈ ಅಂಗ ರೆಕ್ಕೆ ಮೇಲೇರಿದಾಗ ಕೆಳಗಿಳಿಯುತ್ತ, ಕೆಳಗಿಳಿದಾಗ ಮೇಲೇರುತ್ತ ಮೈ ಯಾವ ಕಡೆ ಹೊರಳುತ್ತಿದೆ ಎಂಬುದನ್ನು ಅರಿತು ಮಿದುಳಿಗೆ ತಿಳಿಸುತ್ತದೆ. ಅದನ್ನು ಕತ್ತರಿಸಿದರೆ ನೊಣ ಹಾರಾಟದ ಸಮತೋಲ ಕಳೆದುಕೊಂಡು ಬೀಳುತ್ತದೆ. 1758ರಲ್ಲಿ ಲಿನೇಯಸ್ ಎರಡು ರೆಕ್ಕೆಯ ಕೀಟಗಳನ್ನೆಲ್ಲ ಡಿಪ್ಟೆರಾ ಎಂಬ ಒಂದೇ ಗಣಕ್ಕೆ ಸೇರಿಸಿದ. ಮುಂದೆ ಫ್ಯಾಬ್ರಿಸಿಯಸ್ ಬಾಯಿಯ ಭಾಗಗಳನ್ನು, ಜರ್ಮನಿಯ ಮೈಗೆನ್ ರೆಕ್ಕೆಯ ನಾಳಗಳನ್ನೂ ಕುಡಿಮೀಸೆಯನ್ನೂ, ವಿಯೆನ್ನಾದ ಬ್ರೌಯರ್ ಕೋಶದ ಕವಚ ಒಡೆಯುವ ಬಗೆಯನ್ನೂ ಆಧಾರವಾಗಿ ಹಿಡಿದರು. ಬಾವಲಿಯ ತುಪ್ಪಳದಲ್ಲಿ ಬದುಕುವ ನಿಕ್ಟೆರಿಬಿಡೇ ಕುಟುಂಬದ ಜೀವಿಗಳನ್ನು ನೋಡಿದರೆ ಈ ಕಣ್ಣಿನ ಶಕ್ತಿ ತಿಳಿಯುತ್ತದೆ. ಅವಕ್ಕೆ ರೆಕ್ಕೆಯೇ ಇಲ್ಲ, ಉದ್ದ ಕಾಲುಗಳಿಂದ ಥೇಟ್ ಜೇಡದಂತೆ ಕಾಣುತ್ತವೆ. ಆದರೆ ಎದೆಯ ಬದಿಯಲ್ಲಿ ಹಾಲ್ಟಿಯರ್ ಮಾತ್ರ ಉಳಿದಿದೆ. ಜೇಡದ ವೇಷದಲ್ಲಿರುವುದು ನೊಣ ಎಂದು ಹೇಳಲು ಆ ಗುಬುಟು ಸಾಕು.

ಆದರೆ ಹೋಲಿಕೆ ಎಂದರೆ ನೆಂಟಸ್ತಿಕೆ ಎಂದಲ್ಲ. ಇದನ್ನು ಸ್ಪಷ್ಟ ನಿಯಮವಾಗಿಸಿದವನು ಜರ್ಮನಿಯ ವಿಲ್ಲಿ ಹೆನ್ನಿಗ್. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷರ ಯುದ್ಧಕೈದಿಯಾಗಿದ್ದಾಗ ಬರೆಯತೊಡಗಿದ ಅವನ ಪುಸ್ತಕ 1950ರಲ್ಲಿ ಜರ್ಮನ್ ಭಾಷೆಯಲ್ಲಿ, 1966ರಲ್ಲಿ ಇಂಗ್ಲಿಷ್‌ನಲ್ಲಿ ಪ್ರಕಟವಾಗಿ ಇಡೀ ಜೀವವಿಜ್ಞಾನದ ವರ್ಗೀಕರಣದ ದಾರಿಯನ್ನೇ ಬದಲಿಸಿತು. ಅವನು ಜೀವನವಿಡೀ ಅಧ್ಯಯನ ಮಾಡಿದ್ದು ನೊಣಗಳನ್ನು, ಅವುಗಳ ಮರಿಹುಳುಗಳನ್ನು. ಅವನ ನಿಯಮವನ್ನು ಕನ್ನಡಿಗರಿಗೆ ಭಾಷೆಯ ಉದಾಹರಣೆಯಿಂದ ಹೇಳುವುದು ಸುಲಭ. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆಯಿತು. ತಮಿಳಿನಲ್ಲಿ ‘ಪಾಲ್’, ತೆಲುಗಿನಲ್ಲಿ ‘ಪಾಲು’ ಹಾಗೆಯೇ ಉಳಿದವು. ಇಷ್ಟನ್ನೇ ನೋಡಿ ತಮಿಳು-ತೆಲುಗು ಒಂದು ಮನೆ, ಕನ್ನಡ ಬೇರೆ ಮನೆ ಎಂದರೆ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ತಮಿಳಿಗೆ ತೆಲುಗಿಗಿಂತ ಕನ್ನಡವೇ ಹತ್ತಿರದ ಬಂಧು. ಪಕಾರ ಎಲ್ಲರಿಗೂ ಹಿರಿಯರಿಂದ ಬಂದ ಆಸ್ತಿ. ಅದನ್ನು ಯಾರು ಉಳಿಸಿಕೊಂಡರು ಎಂಬುದು ನೆಂಟಸ್ತಿಕೆಗೆ ಪುರಾವೆಯಲ್ಲ. ಹೊಸದಾಗಿ ಮೂಡಿದ ಬದಲಾವಣೆಯನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಎಂಬುದೇ ಪುರಾವೆ. ನೊಣಗಳ ವಿಷಯದಲ್ಲಿ ಹೆನ್ನಿಗ್ ಹೇಳಿದ್ದೂ ಇದನ್ನೇ.

ಈ ನಿಯಮದ ಮುಂದೆ ಹಳೆಯ ಗುಂಪುಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು. ಉದ್ದನೆಯ, ಹಲವು ಗಿಣ್ಣುಗಳ ಕುಡಿಮೀಸೆ ಇರುವವೆಲ್ಲ ಒಂದು ಬಳಗ ಎಂದು ಹಿಂದಿನವರು ನಂಬಿದ್ದರು. ಸೊಳ್ಳೆ ಅದರಲ್ಲಿತ್ತು, ಅಣಬೆ ಬೆಳೆಗಾರರನ್ನು ಕಾಡುವ ಸಣ್ಣ ಕಪ್ಪು ನೊಣವೂ ಇತ್ತು. ಆದರೆ ಉದ್ದ ಕುಡಿಮೀಸೆ ಪೂರ್ವಜರಿಂದ ಬಂದ ಹಳೆಯ ಆಸ್ತಿ. ನೋಡಲು ಸೊಳ್ಳೆಯಂತಿದ್ದರೂ ಆ ಅಣಬೆ ನೊಣ ಸೊಳ್ಳೆಗಿಂತ ಮನೆನೊಣಕ್ಕೇ ಹತ್ತಿರ. ಹಣೆಯ ಬಿರುಕು ಹಾಗಲ್ಲ, ಅದು ಹೊಸದಾಗಿ ಮೂಡಿದ್ದು. ಆದ್ದರಿಂದ ಸ್ಕೈಜೊಫೊರಾ ಗಟ್ಟಿಯಾಗಿ ನಿಂತಿತು. ಇನ್ನೂ ಆಳದ ಪುರಾವೆ ಗಂಡು ನೊಣದ ಹೊಟ್ಟೆಯೊಳಗಿದೆ. ಕೋಶಾವಸ್ಥೆಯಲ್ಲಿ ಅದರ ಜನನಾಂಗದ ಭಾಗ ಪೂರ್ತಿ 360 ಡಿಗ್ರಿ ತಿರುಗುತ್ತದೆ. ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುವುದರಿಂದ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕತ್ತರಿಸಿ ನೋಡಿದರೆ ವೀರ್ಯನಾಳ ಕರುಳಿನ ಸುತ್ತ ಹಗ್ಗದಂತೆ ಒಂದು ಸುತ್ತು ಹಾಕಿಕೊಂಡಿರುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ಹಾರುವ, ಹಳದಿ-ಕಪ್ಪು ಪಟ್ಟೆಯ ಸಿರ್ಫಿಡ್ ನೊಣಕ್ಕೆ ಹಣೆಯ ಬಿರುಕಿಲ್ಲ, ಜನ ಅದನ್ನು ಜೇನೆಂದೇ ತಿಳಿಯುತ್ತಾರೆ. ಆದರೆ ಈ ಸುತ್ತು ಅದಕ್ಕೂ ಇದೆ, ಮನೆನೊಣಕ್ಕೂ ಇದೆ. ಇಂಥ ವಿಚಿತ್ರ ತಿರುಚು ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿತು ಎನ್ನುವುದಕ್ಕಿಂತ, ಇಬ್ಬರಿಗೂ ಒಬ್ಬನೇ ಅಜ್ಜನಿಂದ ಬಂತು ಎನ್ನುವುದು ಎಷ್ಟೋ ಸಹಜ.

ಇಲ್ಲಿ ಬರುವ ಮೊದಲ ಆಕ್ಷೇಪ: ಕಣ್ಣು ಮೋಸಹೋಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಪರಾವಲಂಬಿ ಬದುಕು ರೆಕ್ಕೆಯನ್ನು ಕಿತ್ತುಕೊಳ್ಳುತ್ತದೆ, ಮೈಯನ್ನು ಚಪ್ಪಟೆ ಮಾಡುತ್ತದೆ, ಗುರುತುಗಳನ್ನು ಅಳಿಸುತ್ತದೆ. ಜೇನಿನ ಮೈಮೇಲೆ ಸವಾರಿ ಮಾಡುವ ಬ್ರೌಲಾ ಎಂಬ ಜೀವಿಗೆ ರೆಕ್ಕೆಯೂ ಇಲ್ಲ, ಹಾಲ್ಟಿಯರೂ ಇಲ್ಲ. ಅದನ್ನು ಯಾವ ಕುಟುಂಬದ ಪಕ್ಕ ಇಡಬೇಕೆಂದು ಅಂಗರಚನಾಕಾರರು ಬಹುಕಾಲ ಜಗಳವಾಡಿದರು. ಅದು ಡ್ರೋಸೊಫಿಲಾ ಬಳಗದ್ದೆಂದು ತೋರಿಸಿದ್ದು ಇತ್ತೀಚಿನ ಜೀನೋಮ್ ಅಧ್ಯಯನ. ಭಾರತದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಎಂಬ ಒಂದೇ ಸೊಳ್ಳೆ ಎಂದುಕೊಂಡದ್ದು ವಾಸ್ತವದಲ್ಲಿ ಐದು ಪ್ರಭೇದಗಳ ಗುಂಪು. ಹೊರಗಿನಿಂದ ಅವೆಲ್ಲ ಒಂದೇ ತೆರ, ಬೇರ್ಪಡಿಸಲು ವರ್ಣತಂತುಗಳನ್ನು ನೋಡಬೇಕಾಯಿತು. ಅಂಗರಚನೆಯ ಮಿತಿ ಇದು, ಒಪ್ಪಲೇಬೇಕು. ಆದರೆ ಇದರಿಂದ ಕಲಿಯಬೇಕಾದ ಪಾಠ ಕಣ್ಣು ಮುಚ್ಚಿಕೊಳ್ಳುವುದಲ್ಲ, ಇನ್ನಷ್ಟು ಆಳಕ್ಕೆ ನೋಡುವುದು. ಬಾವಲಿ ನೊಣ, ನಾಯಿ-ದನಗಳ ಮೈಗೆ ಕಚ್ಚಿಕೊಳ್ಳುವ ಚಪ್ಪಟೆ ನೊಣ, ತ್ಸೆತ್ಸೆ ನೊಣ ಇವು ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತಿವೆ. ಒಳಗೆ ನೋಡಿದರೆ ಮೂರರಲ್ಲೂ ತಾಯಿ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಗರ್ಭದಲ್ಲಿಟ್ಟುಕೊಂಡು, ವಿಶೇಷ ಗ್ರಂಥಿಯ ಹಾಲಿನಂಥ ರಸ ಉಣಿಸಿ ಬೆಳೆಸುತ್ತದೆ. ಈ ಗರ್ಭವನ್ನು ಆಧರಿಸಿ ಅವುಗಳನ್ನು ಒಂದೇ ಮನೆತನಕ್ಕೆ ಸೇರಿಸಿದ್ದನ್ನು ಮುಂದೆ ಡಿಎನ್‌ಎ ಕೂಡ ಸರಿ ಎಂದಿತು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಅಂಗ ಬದಲಾಗಬಹುದು, ಜೀನಿನ ಅಕ್ಷರಗಳು ಸುಳ್ಳು ಹೇಳುವುದಿಲ್ಲವಲ್ಲ? ಹೇಳುತ್ತವೆ. ಕಣಜ-ಜೇನುಗಳ ಮೈಯೊಳಗೆ ಬೆಳೆಯುವ ಸ್ಟ್ರೆಪ್ಸಿಪ್ಟೆರಾ ಎಂಬ ಸಣ್ಣ ಕೀಟಗಳಿವೆ. ಅವುಗಳ ಗಂಡಿಗೆ ಹಾರುವ ರೆಕ್ಕೆ ಹಿಂದಿನ ಜೋಡಿ; ಮುಂದಿನ ಜೋಡಿ ಹಾಲ್ಟಿಯರಿನಂಥ ಗುಬುಟು. ನೊಣದ ತಿರುವು ಮುರುವು ಎನ್ನಿ. 1990ರ ದಶಕದಲ್ಲಿ ರೈಬೊಸೋಮ್‌ನ ಜೀನುಗಳನ್ನು ಓದಿದ ಸಂಶೋಧಕರು ಈ ಕೀಟಗಳು ನೊಣಗಳ ಹತ್ತಿರದ ಬಂಧುಗಳು ಎಂದರು. ಒಂದೇ ಹಠಾತ್ ಬದಲಾವಣೆಯಿಂದ ಮುಂದಿನ ಮತ್ತು ಹಿಂದಿನ ರೆಕ್ಕೆಗಳು ಅದಲು ಬದಲಾಗಿರಬಹುದೆಂಬ ಊಹೆಯನ್ನೂ ಮುಂದಿಟ್ಟರು. ಅಂಗರಚನೆ ಬಲ್ಲವರಲ್ಲಿ ಹಲವರು ಇದನ್ನು ಒಪ್ಪದೆ, ಸ್ಟ್ರೆಪ್ಸಿಪ್ಟೆರಾ ದುಂಬಿಗಳ ಬಂಧು ಎಂದೇ ವಾದಿಸಿದರು. ಎರಡು ಕವಲುಗಳಲ್ಲಿ ಜೀನುಗಳು ಬಹಳ ವೇಗವಾಗಿ ಬದಲಾದಾಗ ಅಕ್ಷರಗಳು ಆಕಸ್ಮಿಕವಾಗಿ ಹೊಂದಿಕೊಂಡು ಇಲ್ಲದ ನೆಂಟಸ್ತಿಕೆಯನ್ನು ತೋರಿಸುತ್ತವೆ ಎಂಬುದು ಆಮೇಲೆ ಸ್ಪಷ್ಟವಾಯಿತು. 2012ರಲ್ಲಿ ಇಡೀ ಜೀನೋಮನ್ನು ಓದಿದಾಗ ಬಂದ ಉತ್ತರ: ದುಂಬಿಗಳ ಬಂಧು. ಇಲ್ಲಿ ಅಂಗರಚನೆ ಗೆದ್ದಿತು ಎಂದು ಬೀಗಬೇಕಿಲ್ಲ. ಅಕ್ಷರವೂ ಅಂಗದಂತೆಯೇ ಒಂದು ಸಾಕ್ಷಿ, ಅದಕ್ಕೂ ಪಾಟೀಸವಾಲು ಬೇಕು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಆ ಪಾಟೀಸವಾಲು ಮಾಡಲು ಬೇರೆ ರೀತಿಯ ಪುರಾವೆ ಕೈಯಲ್ಲಿರಬೇಕು.

ಇನ್ನು ಕಾಲದ ಪ್ರಶ್ನೆ. ಡಿಎನ್‌ಎ ಆಧಾರಿತ ವಂಶವೃಕ್ಷಕ್ಕೆ ವರ್ಷಗಳ ಲೆಕ್ಕ ಕೊಡುವುದು ಪಳೆಯುಳಿಕೆ. ಸುಮಾರು 24 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಅಚ್ಚೊತ್ತಿದ ನೊಣಗಳಲ್ಲಾಗಲಿ, ಮರದ ಅಂಟು ಗಟ್ಟಿಯಾದ ಅಂಬರ್‌ನಲ್ಲಿ ಸಿಕ್ಕಿಬಿದ್ದವುಗಳಲ್ಲಾಗಲಿ ಓದಲು ಡಿಎನ್‌ಎ ಇಲ್ಲ. ಉಳಿದಿರುವುದು ಮೈ, ಅದರಲ್ಲೂ ಮುಖ್ಯವಾಗಿ ರೆಕ್ಕೆಯ ನಾಳಗಳು. ಆ ನಾಳ ಎಲ್ಲಿ ಕವಲೊಡೆಯಿತು, ಎಲ್ಲಿ ಬಾಗಿತು ಎಂದು ಓದಬಲ್ಲವನು ಇಲ್ಲದಿದ್ದರೆ ಆ ಪಳೆಯುಳಿಕೆ ಯಾವ ಕವಲಿಗೆ ಸೇರಿದ್ದೆಂದು ಹೇಳಲಾಗದು, ಕಾಲಗಣನೆಯೂ ನಿಲ್ಲದು. 2011ರಲ್ಲಿ ಅಮೆರಿಕದ ಬ್ರಯಾನ್ ವೀಗ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ನೊಣಗಳ ವಂಶವೃಕ್ಷ ಇದುವರೆಗಿನ ದೊಡ್ಡ ಪ್ರಯತ್ನಗಳಲ್ಲಿ ಒಂದು. ಅದು 149 ಕುಟುಂಬಗಳನ್ನು ಒಳಗೊಂಡಿತ್ತು, ಜೀನುಗಳ ಜತೆಗೆ 371 ಅಂಗಲಕ್ಷಣಗಳನ್ನೂ ಲೆಕ್ಕಕ್ಕೆ ಹಿಡಿದಿತ್ತು. ಸುಮಾರು 22 ಕೋಟಿ, 18 ಕೋಟಿ ಮತ್ತು 6.5 ಕೋಟಿ ವರ್ಷಗಳ ಹಿಂದೆ ನೊಣಗಳು ಮೂರು ಸಲ ವೇಗವಾಗಿ ಕವಲೊಡೆದವು, ಮೂರನೆಯದು ಹಣೆಯ ಬಿರುಕು ಹೊತ್ತವುಗಳ ಕಾಲ ಎಂದು ಹೇಳಲು ಅವರಿಗೆ ಸಾಧ್ಯವಾದದ್ದು ಎರಡೂ ಸಾಕ್ಷಿ ಒಟ್ಟಿಗೆ ನಿಂತದ್ದರಿಂದ. ಪ್ರಭೇದ ಗುರುತಿಸುವ ಡಿಎನ್‌ಎ ಬಾರ್‌ಕೋಡ್‌ನ ಕಥೆಯೂ ಇದೇ. 449 ನೊಣ ಪ್ರಭೇದಗಳ ಮೇಲೆ ಅದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಿಯುತ್ತರ ಬಂದದ್ದು ಶೇ. 70ಕ್ಕಿಂತ ಕಡಿಮೆ. ಅಂದಿನಿಂದ ತಂತ್ರ ಸುಧಾರಿಸಿದೆ, ನಿಜ. ಆದರೂ ಬಾರ್‌ಕೋಡ್ ಎಂದರೆ ಪಟ್ಟಿಯಲ್ಲಿರುವ ಹೆಸರಿನೊಂದಿಗೆ ತಾಳೆ ನೋಡುವುದು. ಆ ಪಟ್ಟಿಗೆ ಮೊದಲು ಹೆಸರು ಬರೆದವರು ನೊಣದ ಮೈ ನೋಡಿಯೇ ಬರೆದರು. ಅವರು ತಪ್ಪು ಹೆಸರು ಬರೆದಿದ್ದರೆ ಯಂತ್ರ ಆ ತಪ್ಪನ್ನೇ ಸಾವಿರ ಸಲ ಹೇಳುತ್ತದೆ.

ಮೂರನೆಯ ಆಕ್ಷೇಪ ಸಾಮಾನ್ಯ ಓದುಗರದು: ನೊಣದ ಕುಲಗೋತ್ರ ಕಟ್ಟಿಕೊಂಡು ನಮಗೇನಾಗಬೇಕು? ಇದಕ್ಕೆ ಉತ್ತರ ಕರ್ನಾಟಕದ ರೇಷ್ಮೆ ಬೆಳೆಗಾರರ ಮನೆಯಲ್ಲಿದೆ. 1980ರ ಸುಮಾರಿಗೆ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂದ ಊಜಿ ನೊಣ ಮೇಲುನೋಟಕ್ಕೆ ದೊಡ್ಡ ಮನೆನೊಣದಂತಿದೆ, ಬೆನ್ನ ಮೇಲಿನ ನಾಲ್ಕು ಕಪ್ಪು ಪಟ್ಟೆಯೂ ಇಬ್ಬರಿಗೂ ಸಮಾನ. ಆದರೆ ನಡುಗಾಲಿನ ಬುಡದ ಹಿಂದೆ ಸಾಲಾಗಿ ನಿಂತ ಬಿರುಗೂದಲುಗಳು, ಬೆನ್ನಿನ ಹಿಂತುದಿಯ ಕೆಳಗೆ ಎದ್ದ ಒಂದು ಉಬ್ಬು — ಈ ಎರಡು ಗುರುತು ಮನೆನೊಣಕ್ಕಿಲ್ಲ. ಅವು ಟ್ಯಾಕಿನಿಡೇ ಕುಟುಂಬದ ಮುದ್ರೆ. ಆ ಕುಟುಂಬದ ಮರಿಹುಳುಗಳು ಬೇರೆ ಕೀಟಗಳ ಮೈಯೊಳಗೆ ಬೆಳೆದು ಅವುಗಳನ್ನು ಕೊಲ್ಲುವಂಥವು. ಹಾಗಾಗಿ ಕುಟುಂಬ ತಿಳಿದರೆ ಬದುಕಿನ ರೀತಿಯೇ ತಿಳಿದಂತೆ: ನೊಣ ರೇಷ್ಮೆ ಹುಳುವಿನ ಚರ್ಮದ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಬೆಳೆದ ಮೇಲೆ ಗೂಡನ್ನು ತೂತು ಮಾಡಿ ಹೊರಬಂದು ನೆಲದ ಬಿರುಕಿನಲ್ಲಿ ಕೋಶವಾಗುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಹುಳುಮನೆಗೆ ನೈಲಾನ್ ಪರದೆ ಕಟ್ಟುವುದು, ನೆಲದ ಬಿರುಕು ಮುಚ್ಚುವುದು, ಕೋಶವನ್ನು ಚುಚ್ಚಿ ಮೊಟ್ಟೆ ಇಡುವ ನೆಸೊಲಿಂಕ್ಸ್ ಕಣಜವನ್ನು ಬಿಡುವುದು — ಈ ಉಪಾಯಗಳೆಲ್ಲ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಅದೇ ಟ್ಯಾಕಿನಿಡೇ ಕುಟುಂಬದ ಎಷ್ಟೋ ನೊಣಗಳು ಬೆಳೆ ತಿನ್ನುವ ಹುಳುಗಳನ್ನು ಕೊಂದು ರೈತನಿಗೆ ನೆರವಾಗುತ್ತವೆ. ಶತ್ರು ಯಾರು, ಬಂಟ ಯಾರು ಎಂದು ಹೇಳಲು ಆ ಸೂಕ್ಷ್ಮ ಗುರುತುಗಳನ್ನು ಬಲ್ಲವರು ಬೇಕು.

ಹಣ್ಣು ನೊಣಗಳ ವಿಷಯದಲ್ಲಿ ಪಣ ಇನ್ನೂ ದೊಡ್ಡದು. ಮಾವಿನ ತೋಟದಲ್ಲಿ ಮೀಥೈಲ್ ಯೂಜಿನಾಲ್ ಇಟ್ಟ ಬಲೆಗೆ ಮಾವಿನ ಹಣ್ಣು ನೊಣದ ಗಂಡುಗಳು ಬೀಳುತ್ತವೆ. ಸೌತೆ-ಹೀರೆ ಬಳ್ಳಿಗಳ ನೊಣ ಆ ಬಲೆಗೆ ಬರುವುದಿಲ್ಲ, ಅದನ್ನು ಸೆಳೆಯಲು ಕ್ಯೂಲ್ಯೂರ್ ಎಂಬ ಬೇರೆ ರಾಸಾಯನಿಕ ಬೇಕು. ಗುರುತು ತಪ್ಪಿದರೆ ಬಲೆಯೂ ವ್ಯರ್ಥ, ದುಡ್ಡೂ ವ್ಯರ್ಥ. ದೇಶದೇಶಗಳ ಹಣ್ಣಿನ ವ್ಯಾಪಾರವೂ ಇದೇ ಹೆಸರುಗಳ ಮೇಲೆ ನಿಂತಿದೆ. ಆಫ್ರಿಕಾದಲ್ಲಿ ಹಾವಳಿ ಎಬ್ಬಿಸಿದ ಹಣ್ಣು ನೊಣಕ್ಕೆ 2005ರಲ್ಲಿ ಬ್ಯಾಕ್ಟ್ರೊಸೆರಾ ಇನ್ವೇಡೆನ್ಸ್ ಎಂದು ಹೊಸ ಹೆಸರು ಕೊಟ್ಟಿದ್ದರು. ಅದು ನಮ್ಮಲ್ಲೂ ಇರುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎಂಬ ಪ್ರಭೇದವೇ ಎಂದು 2015ರಲ್ಲಿ ತೀರ್ಮಾನವಾಯಿತು. ಆ ತೀರ್ಮಾನಕ್ಕೆ ಅಂಗರಚನೆ, ಡಿಎನ್‌ಎ, ಕೂಡುವ ನಡವಳಿಕೆ, ಮೈಯ ರಾಸಾಯನಿಕಗಳು ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಲಾಯಿತು. ವರ್ಗೀಕರಣ ನಡೆಯಬೇಕಾದ ರೀತಿ ಇದು. ಒಂದು ಸಾಕ್ಷಿಯನ್ನು ಕೂರಿಸಿ ಇನ್ನೊಂದನ್ನು ಹೊರಗೆ ಕಳಿಸಿದರೆ ತೀರ್ಪು ಪೂರ್ತಿಯಾಗದು.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೋಸೊಫಿಲಾ ಸಂಶೋಧನೆ ದಶಕಗಳಿಂದ ನಡೆದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯೇ ಇದೆ. ಆದರೆ ಕಣ್ಣು ಪಳಗಲು ವರ್ಷಗಳು ಬೇಕು, ಪುಸ್ತಕ ಓದಿ ಅದು ಬರುವುದಿಲ್ಲ. ಬಲ್ಲ ಗುರುವಿನ ಪಕ್ಕ ಕುಳಿತು ಸಾವಿರಾರು ಮಾದರಿಗಳನ್ನು ನೋಡಬೇಕು. ಆ ಸರಪಳಿಯ ಒಂದು ಕೊಂಡಿ ಕಳಚಿದರೆ ಮತ್ತೆ ಕೂಡಿಸುವುದು ಬಹಳ ಕಷ್ಟ. ಬ್ರಿಟಿಷರ ಕಾಲದಲ್ಲಿ ಬ್ರೂನೆಟ್ಟಿ 1912ರಿಂದ 1923ರವರೆಗೆ ಭಾರತದ ನೊಣಗಳ ಬಗ್ಗೆ ಬರೆದ ಮೂರು ಸಂಪುಟಗಳನ್ನು ಇಂದಿಗೂ ತೆರೆದು ನೋಡಬೇಕಾಗಿದೆ. ನೂರು ವರ್ಷ ಹಳೆಯ ಆ ಕೆಲಸವನ್ನು ಮುಂದುವರಿಸುವ ಕೈಗಳನ್ನು ನಾವು ಸಾಕಷ್ಟು ಬೆಳೆಸಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ನಮ್ಮ ವಿಶ್ವವಿದ್ಯಾನಿಲಯಗಳು ಕೀಟಗಳ ಅಂಗರಚನೆಯ ಪ್ರಾಯೋಗಿಕ ಪಾಠವನ್ನು ಪಠ್ಯಕ್ರಮದಲ್ಲಿ ಉಳಿಸಬೇಕು. ಕೀಟ ಸಂಗ್ರಹಗಳಿಗೆ ಗುತ್ತಿಗೆಯ ನೇಮಕ ಸಾಲದು, ಕಾಯಂ ವರ್ಗೀಕರಣ ತಜ್ಞರು ಬೇಕು. ಡಿಎನ್‌ಎ ಓದಲು ಹಣ ಕೊಡುವ ಪ್ರತಿಯೊಂದು ಯೋಜನೆಯೂ ಆ ನೊಣದ ಮೈಯನ್ನು ಚೀಟಿ ಸಮೇತ ಸಂಗ್ರಹಾಲಯದಲ್ಲಿ ಇಡುವುದನ್ನು ಕಡ್ಡಾಯ ಮಾಡಬೇಕು. ಮುಖ್ಯ ಕುಟುಂಬಗಳನ್ನು ಗುರುತಿಸುವ ಸಚಿತ್ರ ಕೈಪಿಡಿ ಕನ್ನಡದಲ್ಲಿ ಬಂದು ರೈತ ಸಂಪರ್ಕ ಕೇಂದ್ರಗಳ ಮೇಜಿನ ಮೇಲೆ ಇರಬೇಕು. ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಡಿಎನ್‌ಎ ಓದುವ ಯಂತ್ರವನ್ನು ಹಣ ಕೊಟ್ಟು ನಾಳೆಯೇ ತರಿಸಬಹುದು. ನೊಣದ ಹಣೆಯ ಗೆರೆಯನ್ನು ಓದಬಲ್ಲ ಒಬ್ಬ ತಜ್ಞನನ್ನು ತಯಾರು ಮಾಡಲು ಹತ್ತು ವರ್ಷ ಹಿಡಿಯುತ್ತದೆ, ಆ ಕೆಲಸ ಈಗಲೇ ಶುರುವಾಗಬೇಕು.